ಕಿವಿಗೆ ಎಟುಕದ ಸರ್ಕಾರಿ ಕನ್ನಡ

ಬಸವನ ಬಾಗೇವಾಡಿ ತಾಲ್ಲೂಕಿನ ಹೂವಿನ ಹಿಪ್ಪರಗಿಯಲ್ಲಾಗಲಿ ಇಂಗಳೇಶ್ವರದಲ್ಲಾಗಲಿ ದೃಷ್ಟಿಹೀನನಾದ ತರುಣನೊಬ್ಬನು ಮಾಸಾಶನಕ್ಕಾಗಿಯೋ ಆದಾಯ ಪ್ರಮಾಣಪತ್ರಕ್ಕಾಗಿಯೋ ಅರ್ಜಿ ಸಲ್ಲಿಸಬೇಕಾದಾಗ, ತನ್ನ ಕೈಯಲ್ಲಿ ಮಾತನಾಡುವ ಮೊಬೈಲ್ ಇದ್ದರೂ, ಆ ಮೊಬೈಲು ಕನ್ನಡವನ್ನು ಓದಿ ಹೇಳಬಲ್ಲುದಾದರೂ, ಕಡೆಗೆ ಗ್ರಾಮ ಒನ್ ಕೇಂದ್ರದ ಮೇಜಿನ ಮುಂದೆ ನಿಂತು, ಆಧಾರ್ ಸಂಖ್ಯೆಯನ್ನೂ ಬ್ಯಾಂಕ್ ಖಾತೆಯ ವಿವರವನ್ನೂ ಆಗತಾನೆ ಬಂದ ಒಟಿಪಿಯನ್ನೂ ಪಾಳಿಯಲ್ಲಿ ನಿಂತವರಿಗೆಲ್ಲ ಕೇಳಿಸುವಂತೆ ಹೇಳಬೇಕಾಗಿ ಬರುವುದುಂಟು. ಕೇಂದ್ರದ ನಿರ್ವಾಹಕನು ಸಜ್ಜನನೇ ಆಗಿರಬಹುದು. ಅಂತಹವರು ಬಹುಮಂದಿ ಇದ್ದಾರೆ. ಆದರೆ ಸಜ್ಜನನೊಬ್ಬನ ನೆರವು ದೊರೆಯಿತೆಂಬ ಮಾತ್ರಕ್ಕೆ ಪ್ರಜೆಗೆ ಅವನ ಹಕ್ಕು ಸಂದಿತೆಂದು ಹೇಳಲಾಗದು.

ಇದು ಯಂತ್ರದ ಕೊರತೆಯಲ್ಲ. ಎನ್‌ವಿಡಿಎ ಎಂಬ, ಪರದೆಯ ಮೇಲಿನ ಬರಹವನ್ನು ಓದಿ ಹೇಳುವ ತಂತ್ರಾಂಶವು ಉಚಿತವಾಗಿ ದೊರೆಯುತ್ತದೆ. ಆಂಡ್ರಾಯ್ಡ್ ಫೋನುಗಳಲ್ಲಿ ಟಾಕ್‌ಬ್ಯಾಕ್ ಇದೆ. ಅಡ್ಡಿಯಿರುವುದು ನಾವು ಕನ್ನಡವನ್ನು ಗಣಕದೊಳಗೆ ಇರಿಸುವ ಕ್ರಮದಲ್ಲಿ. ಆದೇಶವೊಂದನ್ನು ಬೆರಳಚ್ಚು ಮಾಡಿ, ಮುದ್ರಿಸಿ, ಸಹಿ ಮೊಹರುಗಳನ್ನೊತ್ತಿ, ಸ್ಕ್ಯಾನ್ ಮಾಡಿ ಜಾಲತಾಣಕ್ಕೆ ಏರಿಸಿದರೆ ಅದು ಅಕ್ಷರವಾಗಿ ಉಳಿಯದೆ ಬರಿಯ ಚಿತ್ರವಾಗುತ್ತದೆ. ಓದುವ ಯಂತ್ರವು ಅದರ ಮುಂದೆ ಮೂಕವಾಗುತ್ತದೆ. ಹಳೆಯ ನುಡಿ ಫಾಂಟಿನಲ್ಲಿ ಸಿದ್ಧವಾದ ಕಡತಗಳ ಸ್ಥಿತಿ ಇನ್ನೂ ವಿಚಿತ್ರವಾದುದು: ಕಣ್ಣಿಗೆ ‘ಕನ್ನಡ’ವೆಂದೇ ಕಾಣುವ ಪದವು ಗಣಕದ ಒಡಲಿನಲ್ಲಿ ಇಂಗ್ಲಿಷಿನ ಪಿ, ಪೌಂಡ್ ನಾಣ್ಯದ ಚಿಹ್ನೆ, ಜರ್ಮನರದೊಂದು ಅಕ್ಷರ, ಮತ್ತೊಂದು ಕ್ಯೂ, ಇವುಗಳ ನಡುನಡುವೆ ಒತ್ತುಗೆರೆಯ ಎ, ಹೀಗೆ ಸಂಗ್ರಹವಾಗಿರುವುದರಿಂದ, ಕೇಳುವವನ ಪಾಲಿಗೆ ಬರುವುದು ನಿರರ್ಥಕವಾದ ಶಬ್ದರಾಶಿ ಮಾತ್ರ. ಯೂನಿಕೋಡಿನಲ್ಲಿ ಬರೆದು, ಬರೆದದ್ದನ್ನು ಬರಹವಾಗಿಯೇ ಪ್ರಕಟಿಸಿದರೆ ಈ ತೊಡಕು ಪರಿಹಾರವಾಗುತ್ತದೆ. ಅದಕ್ಕೆ ಹಣವೂ ಬೇಡ, ಹೊಸ ವಿದ್ಯೆಯೂ ಬೇಡ. ಬ್ರೈಲ್ ಲಿಪಿಯನ್ನು ಬೆರಳಿನಿಂದ ಓದುತ್ತಿದ್ದ ಗದುಗಿನ ಪುಟ್ಟರಾಜ ಗವಾಯಿಗಳ ವಿದ್ವತ್ತನ್ನು ಕಂಡ ಈ ಸೀಮೆಗೆ, ಅಂಧರಿಗೆ ಓದು ದಕ್ಕುವುದೆ ಎಂಬ ಸಂಶಯವಂತೂ ಇರಲಾರದು.

ಕಾನೂನು ಈ ವಿಷಯದಲ್ಲಿ ಮೌನವಾಗಿಲ್ಲ. ವಿಕಲಚೇತನರ ಹಕ್ಕುಗಳ 2016ರ ಅಧಿನಿಯಮದ 42ನೆಯ ಪ್ರಕರಣವು ವಿದ್ಯುನ್ಮಾನ ಮಾಧ್ಯಮದ ವಿಷಯಗಳೆಲ್ಲವೂ ಅವರಿಗೆ ಸುಗಮವಾದ ರೂಪದಲ್ಲಿ ದೊರೆಯುವಂತೆ ಸರ್ಕಾರಗಳು ಕ್ರಮ ಕೈಗೊಳ್ಳತಕ್ಕದ್ದೆಂದು ವಿಧಿಸಿದೆ. ಉಲ್ಲಂಘನೆಗೆ ಮೊದಲ ಸಲ 10,000 ರೂಪಾಯಿಗಳವರೆಗೆ, ಪುನರಾವೃತ್ತಿಯಾದರೆ 50,000ದಿಂದ 5 ಲಕ್ಷದವರೆಗೆ ದಂಡವನ್ನೂ ಅಧಿನಿಯಮವು ಹೇಳಿದೆ. ಆದರೂ ಅದರ 2017ರ ನಿಯಮಾವಳಿಯ 15ನೆಯ ನಿಯಮದಡಿಯಲ್ಲಿ ಬಂದ ಮಾರ್ಗಸೂಚಿಗಳು ಕೇವಲ ಸಲಹೆಗಳಾಗಿ ಉಳಿದುವು. ರಾಜೀವ್ ರತೂರಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2024ರ ನವೆಂಬರ್ 8ರಂದು ಆ ನಿಯಮದ ಮೊದಲ ಉಪನಿಯಮವು ಮೂಲ ಅಧಿನಿಯಮಕ್ಕೆ ವಿರುದ್ಧವೆಂದು ಸಾರಿ, ಕಡ್ಡಾಯವಾದ ಮಾನದಂಡಗಳನ್ನು ಮೂರು ತಿಂಗಳೊಳಗೆ ರೂಪಿಸಬೇಕೆಂದು ಕೇಂದ್ರಕ್ಕೆ ಆಜ್ಞಾಪಿಸಿತು. 2025ರ ಏಪ್ರಿಲ್ 30ರಂದು ಪ್ರಜ್ಞಾ ಪ್ರಸೂನ್ ಪ್ರಕರಣದ ತೀರ್ಪು ಬಂತು. ಆಸಿಡ್ ದಾಳಿಯಿಂದ ರೆಪ್ಪೆ ಬಡಿಯಲಾರದವರು ಕೆವೈಸಿಗಾಗಿ ಕಣ್ಣು ಮಿಟುಕಿಸಿ ತಾವು ಜೀವಂತರೆಂಬುದನ್ನು ತೋರಿಸಬೇಕಾಗಿದ್ದ ಆ ಕ್ರೂರ ಸನ್ನಿವೇಶವನ್ನು ಪರಿಶೀಲಿಸಿದ ನ್ಯಾಯಾಲಯವು, ಡಿಜಿಟಲ್ ಸೇವೆಗಳ ಪ್ರವೇಶವು ಸಂವಿಧಾನದ 21ನೆಯ ವಿಧಿಯಲ್ಲಿ ಹೇಳಿದ ಜೀವಿಸುವ ಹಕ್ಕಿನ ಅಂಗವೆಂದು ಎತ್ತಿಹಿಡಿದು 20 ನಿರ್ದೇಶನಗಳನ್ನು ನೀಡಿತು.

2011ರ ಜನಗಣತಿಯಂತೆ ಕರ್ನಾಟಕದಲ್ಲಿ ವಿಕಲಚೇತನರು 13 ಲಕ್ಷಕ್ಕೂ ಹೆಚ್ಚು. ಅವರಿಗಾಗಿ ಜಾಲತಾಣಗಳನ್ನು ಪರೀಕ್ಷಿಸುವುದಾದರೆ, ಆ ಪರೀಕ್ಷೆಯು ಬೆಂಗಳೂರಿನ ಗುತ್ತಿಗೆ ಕಂಪನಿಯ ಪ್ರಮಾಣಪತ್ರದಲ್ಲಿ ಮುಗಿಯಕೂಡದು. ಗ್ರಾಮ ಪಂಚಾಯಿತಿಗಳಲ್ಲಿ ದುಡಿಯುವ, ವಿಕಲಚೇತನರ ಪೈಕಿಯೇ ಆಯ್ದ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ನಮ್ಮಲ್ಲಿದ್ದಾರಷ್ಟೆ. ಹೊಸ ಅರ್ಜಿನಮೂನೆಯು ಜಾರಿಗೆ ಬರುವ ಮುನ್ನ ಅವರಲ್ಲಿ ದೃಷ್ಟಿಹೀನರಾದ ಕೆಲವರು, ಅಗ್ಗದ ಮೊಬೈಲಿನಲ್ಲಿ, ಕನ್ನಡದಲ್ಲಿ, ಯಾರ ನೆರವೂ ಇಲ್ಲದೆ, ಒಟಿಪಿಯ ಅವಧಿ ಮೀರುವುದರೊಳಗೆ, ಅದನ್ನು ಮೊದಲಿನಿಂದ ಕಡೆಯವರೆಗೆ ತುಂಬಿ ನೋಡಲಿ. ಸೊಟ್ಟ ಅಕ್ಷರಗಳ ಕ್ಯಾಪ್ಚಾದಲ್ಲಿಯೋ ಹೆಸರಿಲ್ಲದೆ ಬರಿಯ ‘ಬಟನ್’ ಎಂದು ಉಲಿಯುವ ಗುಂಡಿಯಲ್ಲಿಯೋ ಅವರು ತಡವರಿಸಿ ನಿಂತರೆ, ದೋಷವು ತಿದ್ದಲ್ಪಡುವವರೆಗೆ ಇಲಾಖೆಯು ಆ ನಮೂನೆಯನ್ನು ತಡೆಹಿಡಿಯತಕ್ಕದ್ದು. ತಿದ್ದುವ ವೆಚ್ಚವನ್ನು ಅದನ್ನು ರಚಿಸಿದ ಗುತ್ತಿಗೆದಾರನಿಂದಲೇ ಭರಿಸಿಕೊಳ್ಳುವ ಷರತ್ತು ಟೆಂಡರಿನಲ್ಲಿಯೇ ಇರತಕ್ಕದ್ದು.