ಮೂರು ಗೆರೆಯೋ, ಐದು ಗೆರೆಯೋ?

ಶಾಲೆಯಲ್ಲಿ ಮಕ್ಕಳಿಗೆ ಕೊಟ್ಟ ಹೋಂವರ್ಕು ಸಂಜೆಯ ವೇಳೆಗೆ ತಂದೆತಾಯಿಗಳ ತಲೆಯ ಮೇಲೆ ಬಂದು ಕೂರುವುದು ಪಟ್ಟಣದ ಗೃಹಸ್ಥರಿಗೆ ಹೊಸ ಸಂಗತಿಯೇನೂ ಅಲ್ಲ. ಬೆಂಗಳೂರಿನ ಯಾವುದೋ ಒಂದು ಬಡಾವಣೆಯ ಮನೆಯೆಂದು ಇಟ್ಟುಕೊಳ್ಳಬಹುದು. ಐದನೆಯ ತರಗತಿಯ ಹುಡುಗಿ ಶುಕ್ರವಾರ ತಂದ ಚೀಟಿಯಲ್ಲಿ ಹೀಗಿತ್ತು: 'ಯಾವುದಾದರೂ ಒಂದು ಪ್ರಾಣಿಯ ವಿಷಯವಾಗಿ ಸಂಶೋಧನೆ ಮಾಡಿ, ಅದನ್ನು ಕುರಿತು ಸ್ವಂತವಾದ ಒಂದು ಜನಪದ ಕಥೆಯನ್ನು ಬರೆದು ತರುವುದು.'

ತಂದೆ ಚೀಟಿಯನ್ನು ಎರಡು ಸಲ ಓದಿ ನಕ್ಕರು. ಕರ್ತೃ ಯಾರೆಂದು ತಿಳಿಯದುದೇ ಜನಪದ ಕಥೆ, ಅದು ಸ್ವಂತದ್ದಾಗುವುದೆಂತು? ಮೊಲದ ಕೊಂಬಿನಂಥ ಮಾತು! ನಗು ನ್ಯಾಯವಾದದ್ದೇ, ಆದರೆ ಸ್ವಲ್ಪ ಅವಸರದ್ದು. ಈಗ ಯಾರದೂ ಅಲ್ಲದ ಕಥೆ ಒಂದು ಕಾಲಕ್ಕೆ ಯಾವಳೋ ಒಬ್ಬ ಅಜ್ಜಿಯ ಬಾಯಲ್ಲಿ, ಅಳುವ ಮಗುವಿನ ಎದುರಿಗೆ, ಆಗತಾನೆ ಹುಟ್ಟಿದ್ದಿರಲೇಬೇಕು.

ಹುಡುಗಿ ಕಾಲು ಗಂಟೆಯಲ್ಲಿ ಕಥೆಯನ್ನು ಮುಗಿಸಿ ತಂದಳು. ಅದರಲ್ಲಿ ಒಂದು ಸಿಂಹ, ಒಂದು ಮೊಲ, ನೀರಿನಲ್ಲಿ ಒಂದು ನೆರಳು. ಕೇಳಿದ ಅಜ್ಜಿ, "ಪುಟ್ಟೀ, ಇದು ನಾನೇ ನಿನಗೆ ಹೇಳಿದ್ದಲ್ಲವೇನೇ? ಬಾವಿಯನ್ನು ಕೆರೆ ಮಾಡಿದ್ದೀಯೆ, ಅಷ್ಟೆ" ಎಂದುಬಿಟ್ಟರು.

ತಪ್ಪು ಮಗುವಿನದಲ್ಲ. ಪ್ರಾಣಿಯ ಕಥೆಯೆಂದೊಡನೆ ಎಲ್ಲರಿಗೂ ನೆನಪಾಗುವುದು ಪಂಚತಂತ್ರ. ಹನ್ನೊಂದನೆಯ ಶತಮಾನದಲ್ಲಿ ದುರ್ಗಸಿಂಹನು ಅದನ್ನು ಕನ್ನಡಕ್ಕೆ ತಂದಂದಿನಿಂದ ಅದರ ಸಿಂಹವೂ ನರಿಗಳೂ ಈ ನಾಡಿನ ಪ್ರಜೆಗಳೇ ಆಗಿವೆ. ಆದರೆ ಕರಟಕ ದಮನಕರು ನಿಜವಾಗಿ ನರಿಗಳೇ? ನರಿಯ ಚರ್ಮವನ್ನು ಹೊದ್ದ ರಾಜಕಾರಣಿಗಳು! ಅವರನ್ನು ಅರಿಯಲು ಅರಮನೆಯ ಪರಿಚಯವಿದ್ದರೆ ಸಾಕು, ಕಾಡಿನ ಪರಿಚಯ ಬೇಕಾಗಿಲ್ಲ. ಅಲ್ಲಿಂದ ಹೊರಡುವ ಮಗು ಒಂದು ಪ್ರಾಣಿಯನ್ನೂ ಕಣ್ಣೆತ್ತಿ ನೋಡದೆಯೇ ನೂರು ಪ್ರಾಣಿಕಥೆಗಳನ್ನು ಬರೆಯಬಲ್ಲುದು.

ಇನ್ನೊಂದು ಬಗೆಯ ಕಥೆಯುಂಟು. ಕಾಗೆ ಏಕೆ ಕಪ್ಪು, ಬಾವಲಿ ಏಕೆ ತಲೆಕೆಳಗಾಗಿ ತೂಗುತ್ತದೆ ಎಂಬ ಪ್ರಶ್ನೆಯಿಂದ ಮೊದಲಾಗುವ ಕಥೆ. ಇದು ಜಗತ್ತಿನ ಎಲ್ಲ ಜನಾಂಗಗಳಲ್ಲಿಯೂ ಇರತಕ್ಕದ್ದು. ಬೊಂಬಾಯಿಯಲ್ಲಿ ಹುಟ್ಟಿದ ಕಿಪ್ಲಿಂಗ್ ಒಂಟೆಗೆ ಡುಬ್ಬ ಬಂದುದನ್ನೂ ಚಿರತೆಗೆ ಚುಕ್ಕೆ ಬಂದುದನ್ನೂ ತನ್ನ ಪುಟ್ಟ ಮಗಳಿಗೆ ಹೇಳುತ್ತಿದ್ದನಂತೆ. ಒಂದು ಶಬ್ದ ಆಚೀಚೆಯಾದರೂ ಅವಳು ಒಪ್ಪುತ್ತಿರಲಿಲ್ಲವಂತೆ. ಆರು ವರ್ಷದ ಆ ಮಗು 1899ರಲ್ಲಿ ತೀರಿಕೊಂಡಿತು. ಕಥೆಗಳು 1902ರಲ್ಲಿ ಪುಸ್ತಕವಾದವು. ಇಂಥ ಕಥೆಗೆ ಚುಕ್ಕೆಯನ್ನು ಮೊದಲು ಕಾಣಬೇಕು. ಕಾಣದವನಿಗೆ ಪ್ರಶ್ನೆಯೇ ಹುಟ್ಟದು.

ತಂದೆ ಮಗಳ ನೆರವಿಗೆ ಬಂದರು. ಅಂತರ್ಜಾಲದಿಂದ ಒಂದು ಪುಟವನ್ನು ತೆಗೆದು ಮುಂದಿಟ್ಟು, "ನೋಡು, ಅಳಿಲಿನ ವಿಷಯ ಎಲ್ಲಾ ಇದೆ, ಬರೆದುಕೋ" ಎಂದರು. 'ಅಳಿಲು ಸಸ್ತನಿ ವರ್ಗಕ್ಕೆ ಸೇರಿದ ದಂಶಕ ಪ್ರಾಣಿ' ಎಂದು ಹುಡುಗಿ ದುಂಡಗೆ ಬರೆಯತೊಡಗಿದಳು. ದಂಶಕವೆಂದರೇನೆಂದು ಅವಳು ಕೇಳಲಿಲ್ಲ. ಕೇಳಿದ್ದರೆ ತಂದೆಗೂ ಕಷ್ಟವೇ ಆಗುತ್ತಿತ್ತು. ಪಟ್ಟಣದ ಬಹುಪಾಲು ಮನೆಗಳಲ್ಲಿ ಸಂಶೋಧನೆಯೆಂಬ ದೊಡ್ಡ ಹೆಸರಿನಿಂದ ನಡೆಯುತ್ತಿರುವುದು ಈ ನಕಲಿನ ಕೆಲಸವೇ.

ಅಡಿಗೆಮನೆಯಿಂದ ಇದನ್ನೆಲ್ಲ ನೋಡುತ್ತಿದ್ದ ತಾಯಿ ಹೊರಗೆ ಬಂದು, "ಹಿತ್ತಲಲ್ಲಿ ಸೀಬೆ ಮರ ಇದೆ, ಅಳಿಲೂ ಇದೆ. ನಾಳೆ ಬೆಳಿಗ್ಗೆ ಹೋಗಿ ಕೂತು ನೋಡೇ. ನೋಡಿದ್ದನ್ನು ಮಾತ್ರ ಬರಿ" ಎಂದರು. ಅಷ್ಟೇ ಅವರ ಬೋಧನೆ.

ಎರಡು ಬೆಳಗುಗಳಲ್ಲಿ ಹುಡುಗಿಯ ಪುಸ್ತಕ ತುಂಬಿತು. ಅಳಿಲು ಸೀಬೆಕಾಯನ್ನು ಎರಡು ಕೈಗಳಿಂದ ಹಿಡಿದು ತಿರುಗಿಸಿ ತಿರುಗಿಸಿ ತಿನ್ನುತ್ತದೆ. ಅರ್ಧ ತಿಂದು ಬಿಸುಡುತ್ತದೆ. ಬಾಗಿಲ ಮುಂದಿನ ಕಾಲೊರಸಿನಿಂದ ತೆಂಗಿನ ನಾರನ್ನು ಕಿತ್ತು ಬಾಯಿತುಂಬ ತುರುಕಿಕೊಂಡು ಛಾವಣಿಯ ಸಂದಿಗೆ ಓಡುತ್ತದೆ. (ಕಾಲೊರಸು ಬೋಳಾಗುತ್ತಿದ್ದುದಕ್ಕೆ ಕೆಲಸದವಳ ಪೊರಕೆಯೇ ಕಾರಣವೆಂದು ಆ ಮನೆಯವರು ಬಹು ದಿನದಿಂದ ನಂಬಿದ್ದರು.) ಬೆಕ್ಕು ಕಂಡರೆ ಮರದ ಬೊಡ್ಡೆಗೆ ಅಂಟಿಕೊಂಡು ಚಿಕ್ ಚಿಕ್ ಎಂದು ಕೂಗುತ್ತದೆ, ಒಂದೊಂದು ಕೂಗಿಗೂ ಬಾಲ ಒಂದೊಂದು ಸಲ ಒದರುತ್ತದೆ. ರಾತ್ರಿ ಕಾಣುವುದಿಲ್ಲ. ಬೆನ್ನ ಮೇಲೆ ಬಿಳಿಯ ಗೆರೆಗಳು: ಮೂರು.

ಮೂರು ಏಕೆಂಬುದು ಅವಳಿಗೆ ಗೊತ್ತಿತ್ತು. ಸೇತುವೆ ಕಟ್ಟುವಾಗ ಮರಳು ಹೊತ್ತ ಅಳಿಲಿನ ಬೆನ್ನನ್ನು ಶ್ರೀರಾಮ ಮೂರು ಬೆರಳುಗಳಿಂದ ಸವರಿದ ಕಥೆಯನ್ನು ಅಜ್ಜಿ ಎಷ್ಟು ಸಲ ಹೇಳಿರಲಿಲ್ಲ! ಭಾನುವಾರ ಸಂಜೆ ದೆಹಲಿಯಲ್ಲಿರುವ ಚಿಕ್ಕಪ್ಪನ ಮಗನಿಗೆ ಫೋನು ಮಾಡಿ ತನ್ನ ಲೆಕ್ಕವನ್ನು ಒಪ್ಪಿಸಿದಳು. ಆ ಹುಡುಗ, "ಸುಳ್ಳು. ಅಳಿಲಿಗೆ ಐದು ಗೆರೆ" ಎಂದ. ಜಗಳವಾಯಿತು. ಮರುದಿನ ಅವನು ಒಂದು ಚಿತ್ರವನ್ನು ಕಳುಹಿಸಿದ. ಐದೇ ಇದ್ದವು.

ಇಬ್ಬರೂ ಸುಳ್ಳಾಡಿರಲಿಲ್ಲ. ದಕ್ಷಿಣದ ತೋಟಗಳಲ್ಲಿ ಓಡಾಡುವುದು ಮೂರು ಪಟ್ಟೆಯ ಅಳಿಲು. ಉತ್ತರ ಭಾರತದ ಊರುಗಳಲ್ಲಿ ಸಾಮಾನ್ಯವಾಗಿ ಕಾಣುವುದು ಐದು ಪಟ್ಟೆಯದು. ಎರಡೂ ಬೇರೆ ಬೇರೆ ಜಾತಿಗಳು. ಐದರಲ್ಲಿ ಮೂರು ಬೆನ್ನ ಮೇಲಿವೆ. ಇನ್ನೆರಡು ಪಕ್ಕಗಳಲ್ಲಿ ಒಂದೊಂದಾಗಿ, ಕೊಂಚ ಮಸುಕಾಗಿವೆ.

ಹುಡುಗಿ ಈ ಸಮಸ್ಯೆಯನ್ನು ನಡುಮನೆಗೆ ತಂದಾಗ ತಂದೆ ಪತ್ರಿಕೆಯಿಂದ ತಲೆಯೆತ್ತದೆಯೇ, "ರಾಮ ಸವರಿದ್ದು ಗಿವರಿದ್ದು ಎಲ್ಲಾ ಕಟ್ಟುಕಥೆ ಕಣೇ. ವಾಲ್ಮೀಕಿ ರಾಮಾಯಣದಲ್ಲೇ ಇಲ್ಲ" ಎಂದರು. ಅಜ್ಜಿ ಏನೂ ಅನ್ನಲಿಲ್ಲ. ಬಿಡಿಸುತ್ತಿದ್ದ ಅವರೆಕಾಯಿಯ ಮೊರವನ್ನು ಎತ್ತಿಕೊಂಡು ಒಳಕ್ಕೆ ಹೋದರು. ಆ ರಾತ್ರಿ ಮನೆಯಲ್ಲಿ ಕಥೆಯಿಲ್ಲ.

ತಂದೆ ಹೇಳಿದುದು ನಿಜ. ವಾಲ್ಮೀಕಿಯಲ್ಲಿ ಅಳಿಲಿಲ್ಲ; ಸೇತುವೆಗಾಗಿ ಮರಳಿನಲ್ಲಿ ಹೊರಳಿದ ಅಳಿಲುಗಳ ಮಾತು ಬರುವುದು ತಮಿಳಿನ ತೊಂಡರಡಿಪ್ಪೊಡಿ ಆಳ್ವಾರರ ತಿರುಮಾಲೈಯಂಥ ಕೃತಿಗಳಲ್ಲಿ ಮತ್ತು ಜನರ ಬಾಯಲ್ಲಿ. ಆದರೆ ನಿಜವನ್ನು ಹೀಗೆ ಎಸೆದರೆ, ಕಥೆಯೂ ನಿಜವೂ ಹಾವು ಮುಂಗುಸಿಗಳು, ಒಂದನ್ನು ಮನೆಯಿಂದ ಹೊರಗೆ ಹಾಕಲೇಬೇಕು ಎಂದು ಹತ್ತು ವರ್ಷದ ಮಗು ತಿಳಿಯುತ್ತದೆ. ಕೆಲವು ಮನೆಗಳಲ್ಲಿ ಹೊರಬೀಳುವುದು ಅಜ್ಜಿಯ ಕಥೆ. ಇನ್ನು ಕೆಲವು ಮನೆಗಳಲ್ಲಿ, 'ದೊಡ್ಡವರನ್ನು ಹಾಗೆಲ್ಲ ಕೇಳಬಾರದು' ಎಂಬ ಗದರಿಕೆಯೊಡನೆ, ಮಗುವಿನ ಪ್ರಶ್ನೆ. ಯಾವುದು ಹೋದರೂ ನಷ್ಟ ದೊಡ್ಡದೇ.

ಪ್ರಶ್ನೆ ಹೋದರೇನೆಂದು ಕೇಳುವವರು ಕಾಡುಪಾಪವನ್ನು ನೆನೆಯಬೇಕು. ಅಂಗೈಯಲ್ಲಿ ಹಿಡಿಸುವಷ್ಟು ದೇಹ, ಮುಖದ ತುಂಬ ಕಣ್ಣು, ರಾತ್ರಿಯೆಲ್ಲ ಹುಳುಹುಪ್ಪಟೆಗಳನ್ನು ಹಿಡಿದು ತಿನ್ನುವ ನಿರುಪದ್ರವಿ ಜೀವ. ಬೆಂಗಳೂರಿನಲ್ಲಿಯೂ ಹಳೆಯ ಮರಗಳುಳಿದ ಕೆಲವೆಡೆ ಅದು ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿ ಅದಕ್ಕೆ ರಕ್ಷಣೆಯುಂಟು. ಆದರೂ ಅದರ ಕಣ್ಣಿನಲ್ಲಿ ಮಾಟದ ಶಕ್ತಿಯಿದೆಯೆಂದು ಯಾರೋ ಕಟ್ಟಿದ ಕಥೆಗಾಗಿ ಅದು ಹಿಂಸೆಯನ್ನು ಅನುಭವಿಸಿದೆ. ಗೂಬೆಯ ಪಾಡೂ ಅದೇ. ಅಳಿಲಿನ ಕಥೆ ಹಾಗಲ್ಲ. ರಾಮನ ಕೈ ಸೋಕಿದ ಪ್ರಾಣಿಯೆಂದು ಅದಕ್ಕೆ ಕಲ್ಲೆಸೆಯಲು ಹಿಂಜರಿಯುವವರು ಇದ್ದಾರೆ. ಕಥೆಯಲ್ಲಿ ಪ್ರಾಣಿ ಮಾತನಾಡಲಿ, ಮದುವೆಯಾಗಲಿ, ದೇವರೊಡನೆ ಜಗಳವನ್ನೇ ಆಡಲಿ. ಅದರ ಆಹಾರ, ವಾಸ, ನಡೆ ಮಾತ್ರ ಅದರದೇ ಆಗಿರಲಿ. ಮಕ್ಕಳಿಗೆ ಕಟ್ಟಳೆ ಇಷ್ಟೇ ಸಾಕು.

ಮರುದಿನ ಸಂಜೆ ಹುಡುಗಿ ಅಜ್ಜಿಯ ಬಳಿ ಹೋಗಿ ಕುಳಿತಳು.

"ಅಜ್ಜೀ, ರಾಮ ಅಳಿಲನ್ನು ಸವರಿದ್ದು ಯಾವ ಊರಲ್ಲಿ?"

"ರಾಮೇಶ್ವರದ ಹತ್ತಿರ ಕಣೇ. ಅಲ್ಲೇ ತಾನೆ ಸೇತುವೆ?"

"ಹಾಗಾದರೆ ಅದು ನಮ್ಮ ಕಡೆಯ ಅಳಿಲು. ಅದಕ್ಕೇ ಮೂರು. ಆಮೇಲೆ ದೆಹಲಿಗೆ ಹೇಗೆ ಹೋಯಿತು?"

ಅಜ್ಜಿ ಸ್ವಲ್ಪ ಹೊತ್ತು ಯೋಚಿಸಿದರು. "ರಾಮ ಅಯೋಧ್ಯೆಗೆ ಹಿಂದಿರುಗಿದ್ದು ಪುಷ್ಪಕ ವಿಮಾನದಲ್ಲಲ್ಲವೆ? ಒಂದು ಅಳಿಲೂ ಹತ್ತಿಕೊಂಡಿತೋ ಏನೋ."

"ಹತ್ತಿಕೊಂಡಿತು!" ಎಂದು ಹುಡುಗಿ ಕುಣಿದಳು. "ಸೀತಮ್ಮ ನೋಡಿದಳು. ಬಿದ್ದುಬಿಡುತ್ತೇಂತ ಎರಡು ಬೆರಳಲ್ಲಿ ಹೀಗೆ ಎರಡು ಪಕ್ಕ ಹಿಡಿದು ಎತ್ತಿಕೊಂಡಳು. ಅದಕ್ಕೇ ಪಕ್ಕದಲ್ಲಿ ಒಂದೊಂದು ಗೆರೆ. ಮೆತ್ತಗೆ ಹಿಡಿದಳು, ಅದಕ್ಕೇ ಮಸುಕು."

ಹುಡುಗಿ ಅಂದೇ ಇದನ್ನು ಬರೆದು ಮುಗಿಸಿದಳು. ಆದರೆ ಶಾಲೆಯ ಪುಸ್ತಕ ಭಂಡಾರದಲ್ಲಿ ಮತ್ತೊಂದು ತೊಡಕು ಕಾದಿತ್ತು. ಮಲೆನಾಡಿನವರು ಕೇಸಳಿಲು ಎನ್ನುವ ದೊಡ್ಡ ಕೆಂಪು ಅಳಿಲಿನ ಚಿತ್ರ; ಬಾಲವೂ ಸೇರಿ ಮೂರಡಿಯಷ್ಟು ಉದ್ದ, ಗೆರೆ ಒಂದೂ ಇಲ್ಲ. ಅದು ಮರದಿಂದ ಮರಕ್ಕೆ ಹಾರುತ್ತದೆಯೇ ಹೊರತು ನೆಲಕ್ಕೆ ಇಳಿಯುವುದು ತೀರ ಅಪರೂಪವೆಂದು ಕೆಳಗೆ ಬರೆದಿತ್ತು. ಅವಳು ಕಥೆಯ ಕೊನೆಯಲ್ಲಿ ಇನ್ನೊಂದು ವಾಕ್ಯವನ್ನು ಸೇರಿಸಿದಳು: 'ಕೇಸಳಿಲು ಮಾತ್ರ ಮರದಿಂದ ಇಳಿಯಲೇ ಇಲ್ಲ, ಆದ್ದರಿಂದ ರಾಮನಿಗೆ ಅದು ಸಿಕ್ಕಲೇ ಇಲ್ಲ.'

ಕೆಲವು ದಿನಗಳ ಮೇಲೆ ಪಕ್ಕದ ಮನೆಯ ಚಿಕ್ಕ ಹುಡುಗನೊಬ್ಬನು ಊಟ ಮಾಡಲೊಲ್ಲದೆ ಹಟ ಹಿಡಿದಾಗ, ಅಜ್ಜಿ ಅವನನ್ನು ತೊಡೆಯ ಮೇಲೆ ಕೂರಿಸಿಕೊಂಡು ಪುಷ್ಪಕ ವಿಮಾನವನ್ನೇರಿದ ಅಳಿಲಿನ ಕಥೆಯನ್ನು ಹೇಳುತ್ತಿದ್ದರು. ಸೀತಮ್ಮನ ಎರಡು ಬೆರಳಿನವರೆಗೆ ಬಂದಾಗ ಹುಡುಗ ತುತ್ತನ್ನು ನುಂಗಿ, "ಇದು ನಿಮಗೆ ಯಾರು ಹೇಳಿದ್ದು ಅಜ್ಜೀ?" ಎಂದು ಕೇಳಿದ.

"ನಮ್ಮಜ್ಜಿ ಹೇಳುತ್ತಿದ್ದರು ಕಣೋ" ಎಂದರು ಅಜ್ಜಿ.

ಬಾಗಿಲ ಬಳಿ ನಿಂತಿದ್ದ ಹುಡುಗಿ ಬಾಯಿ ತೆರೆದವಳು, ಹಾಗೆಯೇ ಮುಚ್ಚಿಕೊಂಡಳು.