ಪಿಟೀಲನ್ನು ಯಾಕೆ ತಗ್ಗಿಸಿದರು?

ಕೆನಡಾದ ಗಾಯಕಿ ಶನಾಯಾ ಟ್ವೇನ್ ಅವರ ‘ಕಮ್ ಆನ್ ಓವರ್’ ಆಲ್ಬಮ್ ಬಂದದ್ದು 1997ರ ನವೆಂಬರ್‌ನಲ್ಲಿ. ಆಗ ನಾವ್ಯಾರೂ ಹುಟ್ಟಿರಲಿಲ್ಲ. 16 ಹಾಡುಗಳ ಈ ಆಲ್ಬಮ್ ಜಗತ್ತಿನಾದ್ಯಂತ ಸುಮಾರು 4 ಕೋಟಿ ಪ್ರತಿ ಮಾರಾಟವಾಯಿತು.

ಶನಾಯಾ ಹಾಡುತ್ತಿದ್ದದ್ದು ‘ಕಂಟ್ರಿ’, ಅಂದರೆ ಅಮೆರಿಕದ ಹಳ್ಳಿಗಾಡಿನಿಂದ ಬೆಳೆದು ಬಂದ ಸಂಗೀತ. ಪಿಟೀಲು, ಬ್ಯಾಂಜೊ, ಸ್ಟೀಲ್ ಗಿಟಾರ್ ಅದರ ಗುರುತು. ಆದರೆ ಆಲ್ಬಮ್‌ನ ನಿರ್ಮಾಪಕ, ಆಗ ಅವರ ಪತಿಯೂ ಆಗಿದ್ದ ಮಟ್ ಲ್ಯಾಂಗ್, ಎಸಿ/ಡಿಸಿಯಂಥ ರಾಕ್ ತಂಡಗಳ ಜೊತೆ ಹೆಸರು ಮಾಡಿದವರು. ಹಾಗಾಗಿ ಹಾಡುಗಳಲ್ಲಿ ರಾಕ್, ಪಾಪ್ ಎಲ್ಲ ಬೆರೆತವು. ‘ಇದು ಕಂಟ್ರಿಯೇ ಅಲ್ಲ’ ಎಂದು ಹಳಬರು ದೂರಿದರು.

ಈ ದೂರನ್ನು ನಾನು ಒಪ್ಪುವುದಿಲ್ಲ. ಶನಾಯಾ ಬಡ ಮನೆಯ ಹುಡುಗಿ. ಚಿಕ್ಕವಳಿದ್ದಾಗಲೇ ಟಿಮ್ಮಿನ್ಸ್ ಎಂಬ ಗಣಿ ಊರಿನ ಬಾರ್‌ಗಳಲ್ಲಿ ಹಾಡಿದವರು. 1987ರಲ್ಲಿ ತಂದೆ ತಾಯಿ ಕಾರು ಅಪಘಾತದಲ್ಲಿ ತೀರಿಕೊಂಡ ಮೇಲೆ ಒಂದು ರೆಸಾರ್ಟ್‌ನಲ್ಲಿ ಹಾಡಿ ತಮ್ಮಂದಿರನ್ನೂ ತಂಗಿಯನ್ನೂ ಸಾಕಿದರು. ಎದುರಿಗೆ ಕೂತವರಿಗಾಗಿ ಹಾಡಿ ಮನೆ ನಡೆಸಿದವರಿಗೆ ‘ಶುದ್ಧವಾಗಿ ಹಾಡು’ ಎಂದು ಹೇಳಲು ಇವರು ಯಾರು?

ನನ್ನ ತಕರಾರು ಬೇರೆ. 1998ರಲ್ಲಿ ಹೊರದೇಶಗಳಿಗಾಗಿ ಇದೇ ಆಲ್ಬಮ್‌ನ ಇನ್ನೊಂದು ಆವೃತ್ತಿ ಬಂತು. ಅದೇ ದನಿ, ಅದೇ ಸಾಹಿತ್ಯ. ಪಿಟೀಲು ಮತ್ತು ಸ್ಟೀಲ್ ಗಿಟಾರ್ ಮಾತ್ರ ಕಡಿಮೆ. ನನ್ನ ಮಾಮು ದಮಾಮ್‌ನಿಂದ ತಂದಿಟ್ಟಿದ್ದ ಸಿಡಿ ಆ ಆವೃತ್ತಿಯದು. ಅಮೆರಿಕದ ಆವೃತ್ತಿಯನ್ನು ಈಚೆಗೆ ಕೇಳಿದಾಗ, ಇಷ್ಟು ಒಳ್ಳೆಯ ಪಿಟೀಲನ್ನು ನಮ್ಮಿಂದ ಯಾಕೆ ಮುಚ್ಚಿಟ್ಟರು ಅನ್ನಿಸಿತು.

ಗ್ರಾಹಕನಿಗೆ ತಕ್ಕಂತೆ ಸರಕು ಇರಬೇಕು ಎಂದು ನಮ್ಮ ಮಾರ್ಕೆಟಿಂಗ್ ಪಾಠದಲ್ಲೇ ಇದೆ. ಕಂಪನಿ ಲೆಕ್ಕ ಹಾಕಿಯೇ ಮಾಡಿತು, ಲಾಭವೂ ಬಂತು. ಆದರೆ ಪಿಟೀಲು ಇದ್ದ ಆವೃತ್ತಿಯೂ ಅಮೆರಿಕದಲ್ಲಿ ಎರಡು ವರ್ಷದೊಳಗೆ ಕೋಟಿ ದಾಟಿತ್ತು. ಪಾಪ್ ರೇಡಿಯೊಗಳಿಗೆ ಬೇರೆ ಮಿಕ್ಸ್ ಕೊಟ್ಟಿದ್ದರು, ನಿಜ. ಆದರೂ ಅಂಗಡಿಗೆ ಹೋದವರು ಮನೆಗೆ ತಂದದ್ದು ಪಿಟೀಲಿನ ಸಿಡಿಯನ್ನೇ. ಹೊರಗಿನವರಿಗೆ ಅದು ರುಚಿಸುವುದಿಲ್ಲ ಎಂದು ತೀರ್ಮಾನಿಸುವ ಮುಂಚೆ ನಮ್ಮನ್ನು ಯಾರು ಕೇಳಿದರು? ನಮ್ಮ ನಾನಿಗೆ ಇಂಗ್ಲಿಷ್ ಒಂದಕ್ಷರ ಬಾರದು. ಪಿಟೀಲು ಶುರುವಾದರೆ ಮಾತ್ರ ತಸ್ಬೀಹ್ ಹಿಡಿದ ಕೈಯನ್ನು ಅರೆಕ್ಷಣ ನಿಲ್ಲಿಸುತ್ತಾರೆ.

ಇದು ಹಾಡಿನ ಮಾತಷ್ಟೇ ಅಲ್ಲ. ಮನೆಯಲ್ಲಿ ಉರ್ದು ಮಾತಾಡುವ ನಾನು ಕನ್ನಡದಲ್ಲಿ ಬರೆದಾಗ ‘ಅಮ್ಮಿ’ ತೆಗೆದು ‘ತಾಯಿ’ ಹಾಕು, ಎಲ್ಲರಿಗೂ ಅರ್ಥವಾಗಬೇಕಲ್ಲ ಎಂದು ಗೆಳೆಯರು ಹೇಳುತ್ತಾರೆ. ವಕೀಲ, ಅರ್ಜಿ, ಜಮೀನು, ತಕರಾರು ಎಲ್ಲ ಅರ್ಥವಾಗುವ ಕನ್ನಡಿಗರಿಗೆ ‘ಅಮ್ಮಿ’ ಒಂದು ಅರ್ಥವಾಗದೆ ಹೋಗುತ್ತದೆಯೇ? ಎಲ್ಲರಿಗೂ ಮುಟ್ಟಬೇಕೆಂದು ಕನ್ನಡದಲ್ಲಿ ಬರೆಯುತ್ತಿದ್ದೇನೆ, ಸಂತೋಷದಿಂದಲೇ. ಆದರೆ ಮುಂದಿನ ಸಂಚಿಕೆಗೆ ಕೊಟ್ಟಿರುವ ನನ್ನ ಕಥೆಯಲ್ಲಿ ಅಮ್ಮಿ ಅಮ್ಮಿಯಾಗಿಯೇ ಇದ್ದಾರೆ. ಸಂಪಾದಕರು ದಯವಿಟ್ಟು ಬದಲಾಯಿಸಬಾರದು.