ಸೂರ್ಯಕಾಂತಿ ಹೊಲ, ಆಟಿಕೆ ಕ್ಯಾಮೆರಾ, 12 ಫೋಟೋಗಳ ಲೆಕ್ಕ

ಮುಂಗಾರಿನಲ್ಲಿ ಗುಂಡ್ಲುಪೇಟೆ ಕಡೆ ಸೂರ್ಯಕಾಂತಿ ಅರಳಿದರೆ ಸಾಕು, ಊಟಿ, ವಯನಾಡು ರಸ್ತೆಗಳ ಬದಿಯಲ್ಲಿ ಕಾರುಗಳು ಸಾಲುಗಟ್ಟುತ್ತವೆ. ಹೊಲಕ್ಕಿಳಿದು ಸೆಲ್ಫಿ ತೆಗೆಯೋರ ಹತ್ತಿರ ಕೆಲವು ರೈತರು ತಲೆಗಿಷ್ಟು ಅಂತ ದುಡ್ಡು ಇಸ್ಕೊಳ್ತಾರೆ. ಇಸ್ಕೊಳ್ಳಲಿ ಬಿಡಿ, ತುಳಿದು ಮುರಿದ ಗಿಡಕ್ಕೆ ಬೆಳೆವಿಮೆ ಬರುತ್ತಾ?

ಇದೇ ಹೊತ್ತಲ್ಲಿ ನಗರದ ಹುಡುಗರಿಗೆ ಪ್ಲಾಸ್ಟಿಕ್ ಆಟಿಕೆ ಕ್ಯಾಮೆರಾದ ಹುಚ್ಚು. 1960ರ ದಶಕದ ಡಯಾನಾ, 1982ರ ಹೋಲ್ಗಾ ಎರಡೂ ಹಾಂಗ್‌ಕಾಂಗ್‌ನ ಅಗ್ಗದ ಮಾಲು. ಚಿತ್ರದ ಅಂಚು ಕಪ್ಪಾಗುತ್ತೆ, ಸಂದಿಯಿಂದ ಬೆಳಕು ಸೋರುತ್ತೆ. ಆ ದೋಷಕ್ಕೇ ಈಗ ಬೆಲೆ. ನಮ್ಮ ದೇಶದಲ್ಲೂ ಇದರ ನೆಂಟ ಇತ್ತು, ಆಗ್ಫಾ ಕ್ಲಿಕ್ 3. ರೋಲಿಗೆ 12 ಫೋಟೋ, ಅಷ್ಟೇ. ಹೆಣ್ಣಿನ ಕಡೆಯವರಿಗೆ ಎಷ್ಟು, ಗಂಡಿನ ಕಡೆಯವರಿಗೆ ಎಷ್ಟು ಅಂತ ಮೊದಲೇ ಲೆಕ್ಕ ಹಾಕಬೇಕಿತ್ತು.

ಮಸುಕಿಗಿಂತ ಆ ಲೆಕ್ಕವೇ ಇದರ ಆಕರ್ಷಣೆ ಅಂತ ನನಗನ್ನಿಸುತ್ತೆ. ಹನ್ನೆರಡೇ ಇದ್ದಾಗ ಒತ್ತುವ ಮೊದಲು ನೋಡಬೇಕಾಗುತ್ತೆ. ತೆಗೆದದ್ದು ತಕ್ಷಣ ಕಾಣಲ್ಲ, ಹಾಗಾಗಿ ‘ಇನ್ನೊಂದು, ಇನ್ನೊಂದು’ ಅನ್ನೋ ಚಟವೂ ಇಲ್ಲ. ಆದರೆ ಮಾರುಕಟ್ಟೆ ಹಿಡಿದಿದ್ದು ಮಸುಕನ್ನೇ. 2025ರ ಸೆಪ್ಟೆಂಬರ್‌ನಲ್ಲಿ ಕೊಡಾಕ್ ಹೆಸರಲ್ಲಿ ಬಂದ ಚಾರ್ಮೆರಾ ಎಂಬ ಕೀಚೈನ್ ಕ್ಯಾಮೆರಾ 1.6 ಮೆಗಾಪಿಕ್ಸೆಲ್‌ನದು. ಡಿಜಿಟಲ್ ಆದ್ದರಿಂದ ಮಿತಿಯ ಮಾತೇ ಇಲ್ಲ. ಇನ್ನು ಫಿಲ್ಮ್ ಹಾಕೋಣ ಅಂದರೆ ರೋಲು, ತೊಳೆಸೋದು, ಸ್ಕ್ಯಾನು ಸೇರಿ ಕೂಲಿಕಾರರ ದಿನದ ದುಡಿಮೆಗಿಂತ ಜಾಸ್ತಿ. ಇದು ಉಳ್ಳವರ ಸರಳತೆ ಅನ್ನೋದೂ ನಿಜ.

ಆಟಿಕೆ ಕ್ಯಾಮೆರಾಕ್ಕೂ ಜೂಮ್ ಲೆನ್ಸ್ ಇಲ್ಲದ ಮೊಬೈಲಿಗೂ ಒಂದು ಸಾಮ್ಯ ಇದೆ, ಎರಡೂ ದೂರದ್ದನ್ನ ಹತ್ತಿರ ತರಲ್ಲ. ಐವತ್ತು ಮೀಟರ್ ಆಚೆಯ ಆನೆ ಚುಕ್ಕೆಯಂತೆ ಕಾಣುತ್ತೆ. ಚುಕ್ಕೆ ಸಾಕು ಅನ್ನಿಸಿದರೆ ಗಾಡಿಯಲ್ಲೇ ಕೂರಬಹುದು. ಸಾಲದು ಅನ್ನಿಸಿದವರು ಕೆಳಗಿಳಿಯುತ್ತಾರೆ. 2025ರ ಆಗಸ್ಟ್‌ನಲ್ಲಿ ಬಂಡೀಪುರದಲ್ಲಿ ಆನೆ ಮುಂದೆ ಸೆಲ್ಫಿಗೆ ಹೋದ ಪ್ರವಾಸಿಯನ್ನು ಅದು ಅಟ್ಟಿಸಿಕೊಂಡು ಬಂದು ತುಳಿಯಿತು. ಜೀವ ಉಳಿಯಿತು, ಅರಣ್ಯ ಇಲಾಖೆ 25 ಸಾವಿರ ದಂಡ ಹಾಕಿತು.

ದಂಡ ಕಾಡಿನೊಳಗಿನ ಮಾತಾಯ್ತು. ಹೊಲಕ್ಕೆ ಕಾಯೋರಿಲ್ಲ. ಬದುವಿನ ಮೇಲೇ ನಿಲ್ಲೋಕೆ ಜಾಗ ಗುರುತಿಸಿ, ರಸ್ತೆ ಬಿಟ್ಟು ಗಾಡಿ ನಿಲ್ಲಿಸೋ ವ್ಯವಸ್ಥೆ ಮಾಡಿ, ದುಡ್ಡು ಬೆಳೆದವರ ಕೈಗೇ ಸೇರೋ ಹಾಗೆ ಗ್ರಾಮ ಪಂಚಾಯ್ತಿಗಳು ಮಾಡಬಹುದು. ಮುಂದಿನ ಹೂವಿನ ಹಂಗಾಮಿಗೆ ಮೊದಲೇ ಆಗಬೇಕಾದ ಕೆಲಸ ಇದು.